ಕ್ರಿಯೇಟಿನಿನ್ ಏರಿದ್ರೆ ಕಿಡ್ನಿ ಹೋಯ್ತು ಅಂತಲ್ಲ

ಜಿಮ್‌ಗೆ ಹೋಗುವವರು ತಗೊಳ್ಳುವ ಕ್ರಿಯೇಟಿನ್ ಪೌಡರ್‌ನಿಂದ ಉಪಯೋಗ ಇದೆಯಾ? ಬಿಡದೆ ಭಾರ ಎತ್ತುವವರಿಗೆ ಖಂಡಿತ ಇದೆ. ಎಂಟು ಸಲ ಎತ್ತುತ್ತಿದ್ದವರು ಒಂಬತ್ತನೆಯದನ್ನೂ ಎತ್ತುತ್ತಾರೆ. ತಿಂಗಳುಗಟ್ಟಲೆ ಸೇರಿದ ಆ ಒಂದೊಂದರಿಂದಲೇ ಬಲ ಕೂಡುತ್ತದೆ. ಡಬ್ಬಿ ತಂದು ಸುಮ್ನೆ ಕೂತವರಿಗೆ ಹೆಚ್ಚೇನೂ ಸಿಗದು. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ (ಅಂಗಡಿಯಲ್ಲಿ ಸಿಗುವ ಮಾಮೂಲಿ ಬಗೆ) ಸಾಕು, ಯಾವ ಹೊತ್ತಿಗಾದರೂ ಸರಿ. ಮೊದಲ ವಾರಗಳಲ್ಲಿ ಒಂದೆರಡು ಕಿಲೋ ತೂಕ ಏರಿದರೆ ಅದು ಕೊಬ್ಬಲ್ಲ, ನೀರು.

ನನಗೆ ಹೇಳಿ ಹೇಳಿ ಸಾಕಾಗಿರುವುದು ಬೇರೆ ವಿಷಯ. ಮೊನ್ನೆ ನನ್ನ ಹತ್ತಿರ ತರಬೇತಿಗೆ ಬರುವ ಹುಡುಗನೊಬ್ಬ ಮಡಚಿದ ರಕ್ತಪರೀಕ್ಷೆಯ ರಿಪೋರ್ಟ್ ಬಿಚ್ಚಿದ. ಕ್ರಿಯೇಟಿನಿನ್ ಎದುರಿಗಿದ್ದ 1.4 ಅನ್ನೋ ಅಂಕಿಯ ಸುತ್ತ ಕಾಗದ ಹರಿಯುವಷ್ಟು ಒತ್ತಿ ಪೆನ್ನಿನಲ್ಲಿ ಸುತ್ತು ಹಾಕಿದ್ದ. "ಸರ್, ಪೌಡರ್‌ನಿಂದ ನನ್ನ ಕಿಡ್ನಿ ಹೋಯ್ತು." ಕೈ ನಡುಗುತ್ತಿತ್ತು, ಪಾಪ.

ಕ್ರಿಯೇಟಿನ್ ಬೇರೆ, ಕ್ರಿಯೇಟಿನಿನ್ ಬೇರೆ. ಮೊದಲನೆಯದು ಸ್ನಾಯುವಿನಲ್ಲಿರುವ ಇಂಧನದ ಸಂಗ್ರಹ. ಅದು ದಿನಾ ಸ್ವಲ್ಪ ತಾನಾಗಿಯೇ ಒಡೆದು ಎರಡನೆಯದಾಗುತ್ತದೆ. ಅದನ್ನು ಕಿಡ್ನಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ, ಪರೀಕ್ಷೆ ಮಾಡುವುದು ಅದಕ್ಕೇ. ಆದರೆ ಕ್ರಿಯೇಟಿನ್ ಜಾಸ್ತಿ ತಿಂದಾಗಲೂ ಅಂಕಿ ತುಸು ಏರಬಹುದು. ಒಲೆಗೆ ಸೌದೆ ಜಾಸ್ತಿ ಹಾಕಿದರೆ ಬೂದಿ ಜಾಸ್ತಿ ಬೀಳುತ್ತೆ, ಅಲ್ವಾ? ಅಷ್ಟಕ್ಕೇ ಬೂದಿ ತೆಗೆಯುವವರು ಕೆಲಸ ಬಿಟ್ಟರು ಅನ್ನೋಕಾಗುತ್ತಾ? ಹಿಂದಿನ ದಿನದ ಭಾರೀ ವ್ಯಾಯಾಮ, ಪರೀಕ್ಷೆಗೆ ಮುಂಚೆ ತಿಂದ ಮಾಂಸ, ಮೈಯಲ್ಲಿ ಸ್ನಾಯು ಜಾಸ್ತಿ ಇರುವುದು, ಇವೂ ಅಂಕಿಯನ್ನು ಏರಿಸುತ್ತವೆ.

ಹಾಗಂತ ತಪ್ಪನ್ನೆಲ್ಲ ಪೌಡರ್ ಮೇಲೆ ಹೊರಿಸಿ ರಿಪೋರ್ಟ್ ಪಕ್ಕಕ್ಕಿಡಬೇಡಿ. ನಾನು ತರಬೇತುದಾರ, ವೈದ್ಯನಲ್ಲ. ಏರಿಕೆಗೆ ಕಾರಣ ಏನು ಅಂತ ತೀರ್ಮಾನಿಸುವುದು ವೈದ್ಯರ ಕೆಲಸ. ಆರೋಗ್ಯವಂತರಲ್ಲಿ ಮೇಲೆ ಹೇಳಿದ ಪ್ರಮಾಣದಿಂದ ಕಿಡ್ನಿಗೆ ಹಾನಿ ಆಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ಮೊದಲೇ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಡಬ್ಬಿ ಮುಟ್ಟಲೇಬಾರದು.

"ಪೌಡರ್ ತಗೊಳ್ತೀನಿ ಅಂತ ಡಾಕ್ಟರಿಗೆ ಹೇಳಿದ್ಯಾ?" ಅಂದೆ. ತಲೆ ತಗ್ಗಿಸಿದ. "ಬೈತಾರೆ ಅಂತ ಹೇಳಲಿಲ್ಲ ಸರ್." ಪರೀಕ್ಷೆಯ ಹಿಂದಿನ ಸಂಜೆ ಭಾರೀ ಸ್ಕ್ವಾಟ್ ಬೇರೆ ಮಾಡಿದ್ದ! ಆವತ್ತೇ ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ, ಡಬ್ಬಿಯನ್ನೂ ಕೈಗೆ ಕೊಟ್ಟು. ಡಾಕ್ಟರು ಬೈಯಲಿಲ್ಲ. ಮೈಯಲ್ಲಿ ಸ್ನಾಯು ಎಷ್ಟಿದೆ ಅನ್ನೋದರಿಂದ ಅಷ್ಟಾಗಿ ಏರುಪೇರಾಗದ, ಕಿಡ್ನಿಯದೇ ಇನ್ನೊಂದು ರಕ್ತಪರೀಕ್ಷೆ, ಸಿಸ್ಟಾಟಿನ್ ಸಿ, ಬರೆದುಕೊಟ್ಟರು. ಅದು ಸರಿಯಾಗೇ ಬಂತು.