ಒಂದು ಟನ್ ದ್ರಾಕ್ಷಿ, ಒಂದು ಚೀಲ ಚೆರ್ರಿ

ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಇರುವ ಹಾಗೆ ನಮ್ಮ ಮನೆಯಲ್ಲೂ ಒಂದು ಮಳೆ ಪುಸ್ತಕವಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ಉದ್ದನೆಯ ಪುಸ್ತಕ. ಮುಂದಿನ ಪುಟಗಳೆಲ್ಲ ಅಪ್ಪನ ಕೈಬರಹ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಅಮ್ಮನ ಅಕ್ಷರ ಸಿಗುತ್ತದೆ: ವೈನ್ ಹಾಕಿದ ದಿನ, ದ್ರಾಕ್ಷಿ ಎಷ್ಟು ಕೆ.ಜಿ., ಸಕ್ಕರೆ ಎಷ್ಟು, ಕೆ.ಜಿ.ಗೆ ಕೊಟ್ಟ ದರ ಎಷ್ಟು, ಭರಣಿ ತೆಗೆದ ದಿನ. ದ್ರಾಕ್ಷಿ ಅಷ್ಟೇ ಇದ್ದರೂ ಸಕ್ಕರೆ ಒಂದೊಂದು ವರ್ಷ ಒಂದೊಂದು ಥರ. ಯಾಕಮ್ಮ ಎಂದು ಕೇಳಿದಾಗ, "ಹಣ್ಣು ತಿಂದು ನೋಡಿ ಹಾಕುವುದು" ಎಂದಿದ್ದರು. ಆ ಮಾತಿನಲ್ಲಿ ಇಡೀ ದ್ರಾಕ್ಷಾರಸ ಉದ್ಯಮದ ಲೆಕ್ಕಾಚಾರವಿದೆ ಎಂದು ನನಗೆ ಗೊತ್ತಾಗಿದ್ದು ಬಹಳ ವರ್ಷಗಳ ನಂತರ.

ಕುಶಾಲನಗರದ ಸಂತೆಯಲ್ಲಿ ನಮಗೆ ಸಿಗುವುದು ಬೆಂಗಳೂರು ನೀಲಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಹಣ್ಣು, ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದಕ್ಕಿದೆ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಇಡಿಯಾಗಿ ಜಾರಿ ಬಾಯಿಗೆ ಬರುತ್ತದೆ. ಅದಕ್ಕೊಂದು ಗಾಢ ಪರಿಮಳ. ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ್ದು. ಅಮೆರಿಕದ ಕಾಡುದ್ರಾಕ್ಷಿ ಲಾಬ್ರುಸ್ಕಾ ವಂಶದಿಂದ ಬಂದ ಗುಣ ಇದು. ಯುರೋಪಿನ ವೈನ್ ತಳಿಗಳಾದ ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್, ಶೆನಿನ್ ಬ್ಲಾಂಕ್ ಇವೆಲ್ಲ ವಿನಿಫೆರಾ ಎಂಬ ಬೇರೆ ಪ್ರಭೇದದವು. ಅವುಗಳಲ್ಲಿ ಈ ವಾಸನೆ ಇರುವುದಿಲ್ಲ.

ಎರಡು ವರ್ಷದ ಹಿಂದೆ ನಾನೊಂದು ರಿಫ್ರ್ಯಾಕ್ಟೋಮೀಟರ್ ತರಿಸಿದೆ. ಗೇಣುದ್ದದ ಕೊಳವೆ, ತುದಿಯಲ್ಲಿ ಗಾಜಿನ ಪಟ್ಟಿ. ಅದರ ಮೇಲೆ ಒಂದು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ನೀಲಿಗೂ ಬಿಳಿಗೂ ನಡುವೆ ಒಂದು ಗೆರೆ ಕಾಣುತ್ತದೆ. ರಸದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗೆರೆ ಮೇಲೇರುತ್ತದೆ. ಅಮ್ಮ ತಂದ ಹಣ್ಣಿಗೆ 17 ತೋರಿಸಿತು. ನೂರು ಗ್ರಾಂ ರಸದಲ್ಲಿ ಸರಿಸುಮಾರು 17 ಗ್ರಾಂ ಸಕ್ಕರೆ. ಇದನ್ನು ಬ್ರಿಕ್ಸ್ ಎನ್ನುತ್ತಾರೆ. ಒಂದು ಬ್ರಿಕ್ಸ್ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ. 0.55ರಿಂದ 0.6ರಷ್ಟು ಆಲ್ಕೋಹಾಲ್ ಆಗುತ್ತದೆ. 17ರ ಹಣ್ಣು ತಾನಾಗಿ ಹತ್ತರ ಆಸುಪಾಸಿಗೆ ನಿಲ್ಲುತ್ತದೆ. ಬಳ್ಳಿಯಲ್ಲೇ 24 ಬ್ರಿಕ್ಸ್‌ಗೆ ಹಣ್ಣಾದ ಕ್ಯಾಬರ್ನೆ ಮೇಲಿಂದ ಏನೂ ಹಾಕದೆ ಹದಿಮೂರೂವರೆ ಮುಟ್ಟುತ್ತದೆ. ಅಮ್ಮ ನಾಲಗೆಯಲ್ಲಿ ಅಳೆದು ತುಂಬಿಸುತ್ತಿದ್ದದ್ದು ಈ ಅಂತರವನ್ನು.

ಈ ಬ್ರಿಕ್ಸನ್ನು ತಳಿವಾರು, ಊರುವಾರು, ದರದ ಪಕ್ಕದಲ್ಲೇ ಅಚ್ಚು ಹಾಕಿಸುವ ಒಂದು ಸರ್ಕಾರಿ ವರದಿ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದ್ರಾಕ್ಷಿ ಅರೆತದ ವರದಿ. ಪ್ರತಿವರ್ಷ ಫೆಬ್ರವರಿಯಲ್ಲಿ ಅದರ ಮೊದಲ ರೂಪ ಬರುತ್ತದೆ. ರಾಜ್ಯವನ್ನು 17 ದರ ವಲಯಗಳಾಗಿ ಹಂಚಿದ್ದಾರೆ. ಹಣ್ಣು ಅರೆಯುವ ಪ್ರತಿಯೊಬ್ಬರೂ ಯಾವ ತಳಿ ಎಷ್ಟು ಟನ್, ಯಾವ ವಲಯದ್ದು, ಎಷ್ಟಕ್ಕೆ ಕೊಂಡದ್ದು ಎಂದು ಕಾನೂನಿನ ಪ್ರಕಾರ ತಿಳಿಸಲೇಬೇಕು. ಅದನ್ನು ಮೊದಲ ಸಲ ತೆರೆದಾಗ ಕಾಫಿ ಬೆಳೆಗಾರನಾದ ನನಗೆ ಹೊಟ್ಟೆಕಿಚ್ಚೇ ಆಯಿತು.

ಆ ಕೋಷ್ಟಕದಲ್ಲಿ ಒಂದೇ ತಳಿಯ ಸಾಲನ್ನು ಹಿಡಿದು ವಲಯದಿಂದ ವಲಯಕ್ಕೆ ಬೆರಳಾಡಿಸಿ ನೋಡಬೇಕು. ಕ್ಯಾಬರ್ನೆ ಸಾವಿನ್ಯೋನ್ ತೆಗೆದುಕೊಳ್ಳಿ. ನಾಲ್ಕನೇ ವಲಯ ನಾಪಾ ಕಣಿವೆ. ಅಲ್ಲಿ ಈಚಿನ ವರ್ಷಗಳಲ್ಲಿ ಟನ್ನಿನ ಸರಾಸರಿ ದರ 8,000 ಡಾಲರ್ ದಾಟಿದೆ. ಹದಿಮೂರನೆಯದು ಫ್ರೆಸ್ನೋ ಸುತ್ತಲಿನ ಬಿಸಿಲ ಒಳನಾಡು. ಅಲ್ಲಿ ಅದೇ ಕ್ಯಾಬರ್ನೆಗೆ ಕೆಲವು ನೂರು ಡಾಲರ್ ಮಾತ್ರ. ತಳಿ ಒಂದೇ, ಬಳ್ಳಿಯನ್ನು ತುಂಡು ನೆಟ್ಟು ಬೆಳೆಸುವುದರಿಂದ ವಂಶವಾಹಿಯೂ ಹೆಚ್ಚುಕಡಿಮೆ ಒಂದೇ. ಈ ತಳಿಯ ತಂದೆತಾಯಿ ಕ್ಯಾಬರ್ನೆ ಫ್ರಾಂಕ್ ಮತ್ತು ಸಾವಿನ್ಯೋನ್ ಬ್ಲಾಂಕ್ ಎಂದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದ್ದರು. ಹಾಗಾದರೆ ಇಪ್ಪತ್ತು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು?

ಹೆಸರಿನಿಂದ ಒಂದಷ್ಟು ಬಂತು, ನಿಜ. ಆದರೆ ಹಣ್ಣಿನೊಳಗೂ ಕಾರಣವಿದೆ, ಅದರಲ್ಲಿ ದೊಡ್ಡದು ರಾತ್ರಿ. ದ್ರಾಕ್ಷಿ ಹಣ್ಣಾಗುವಾಗ ತನ್ನ ಮ್ಯಾಲಿಕ್ ಆಮ್ಲವನ್ನು ತಾನೇ ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ. ಸೆಕೆ ಹೆಚ್ಚಿದ್ದಷ್ಟೂ ಬೇಗ ಸುಡುತ್ತದೆ. ನಾಪಾಕ್ಕೆ ಸಂಜೆಯಾದರೆ ಕೊಲ್ಲಿಯ ಕಡೆಯಿಂದ ತಣ್ಣನೆಯ ಮಂಜು ನುಗ್ಗುತ್ತದೆ, ಆಮ್ಲ ಉಳಿಯುತ್ತದೆ, ಸಿಪ್ಪೆಯ ನೇರಳೆ ಬಣ್ಣ ಗಟ್ಟಿಯಾಗುತ್ತದೆ. ಒಳನಾಡಿನಲ್ಲಿ ರಾತ್ರಿಯೂ ಕಾವು ಇಳಿಯದು. ಸಕ್ಕರೆ ಏರುತ್ತದೆ, ಆಮ್ಲವೂ ಬಣ್ಣವೂ ಸೊರಗುತ್ತವೆ. ಎರಡನೆಯದು ಕಾಯಿಯ ಗಾತ್ರ. ವೈನಿಗೆ ಬಣ್ಣ, ಒಗರು, ಸುವಾಸನೆಯ ಬಹುಪಾಲು ಬರುವುದು ಸಿಪ್ಪೆಯಿಂದ. ಕಾಯಿಯ ಅಡ್ಡಳತೆ ಅರ್ಧವಾದರೆ, ಅಷ್ಟೇ ರಸಕ್ಕೆ ಸಿಗುವ ಸಿಪ್ಪೆ ಎರಡು ಪಟ್ಟಾಗುತ್ತದೆ. ನೀರು ಧಾರಾಳವಾಗಿ ಕೊಟ್ಟು ಕಾಯಿ ಉಬ್ಬಿಸಿದರೆ ತೂಕ ಬರುತ್ತದೆ, ಸಿಪ್ಪೆಯ ಪಾಲು ಕರಗುತ್ತದೆ. ಆದ್ದರಿಂದಲೇ ನಾಪಾದವರು ಎಕರೆಗೆ ನಾಲ್ಕು ಟನ್ನಿನ ಆಸುಪಾಸಿಗೆ ತೃಪ್ತರು, ಒಳನಾಡಿನವರು ಹತ್ತು ಹನ್ನೆರಡು ಟನ್ ತೆಗೆಯುತ್ತಾರೆ. ಎಕರೆಯ ಆದಾಯಕ್ಕೆ ಗುಣಿಸಿ ನೋಡಿ: 4 ಟನ್ 8,000ದಂತೆ 32,000 ಡಾಲರ್, 12 ಟನ್ 400ರಂತೆ 4,800 ಡಾಲರ್. ಮೂರು ಪಟ್ಟು ಹಣ್ಣು ಬೆಳೆದವನಿಗೆ ಆರನೇ ಒಂದು ಪಾಲೂ ಸಿಗಲಿಲ್ಲ. ಅವನ ಭೂಮಿ ಅಗ್ಗ, ಕೊಯ್ಲು ಯಂತ್ರದ್ದು ಎಂದು ಒಪ್ಪಿಕೊಂಡರೂ ಆ ಲೆಕ್ಕ ಕಣ್ಣಿಗೆ ಚುಚ್ಚುತ್ತದೆ.

ಅಲ್ಲಿನ ವ್ಯಾಪಾರದಲ್ಲಿ ಒಂದು ರೂಢಿಯ ಸೂತ್ರವಿದೆ: ಟನ್ನಿನ ದರವನ್ನು ನೂರರಿಂದ ಭಾಗಿಸಿದರೆ ಬಾಟಲಿಯ ಬೆಲೆ. 8,000ದ ಹಣ್ಣು 80 ಡಾಲರಿನ ಬಾಟಲಿಗೆ. ಒಂದು ಬಾಟಲಿಗೆ ಬೇಕಾಗುವುದು ಒಂದು ಕಿಲೋಗಿಂತ ತುಸು ಹೆಚ್ಚು ದ್ರಾಕ್ಷಿ. ಮತ್ತೊಂದು ಎಚ್ಚರ: ಈ ಸರಾಸರಿ ದರ ಕೊಂಡ ಹಣ್ಣಿನದ್ದು. ತಮ್ಮದೇ ತೋಟದ ಹಣ್ಣನ್ನು ತಾವೇ ಅರೆದುಕೊಂಡವರದ್ದು ಟನ್ ಲೆಕ್ಕಕ್ಕೆ ಬರುತ್ತದೆ, ದರದ ಲೆಕ್ಕಕ್ಕೆ ಬರುವುದಿಲ್ಲ.

ದರಕ್ಕಿಂತ ನನಗೆ ಹೆಚ್ಚು ಕತೆ ಹೇಳುವುದು ಟನ್ನಿನ ಕಾಲಂ. 2018ರಲ್ಲಿ ಕ್ಯಾಲಿಫೋರ್ನಿಯಾ ಅರೆದ ಒಟ್ಟು ದ್ರಾಕ್ಷಿ 45 ಲಕ್ಷ ಟನ್ ಮುಟ್ಟಿತ್ತು. 2020ರಲ್ಲಿ ಅದು ಸುಮಾರು 35 ಲಕ್ಷಕ್ಕೆ ಇಳಿಯಿತು. ಆ ವರ್ಷ ಕಾಡಿಗೆ ಬಿದ್ದ ಬೆಂಕಿ ನಾಪಾ, ಸೊನೋಮಾದ ಬೆಟ್ಟಗಳನ್ನು ಆವರಿಸಿತ್ತು. ಸುಡದೆ ಉಳಿದ ತೋಟಕ್ಕೂ ಹೊಗೆ ಬಡಿಯಿತು. ಹೊಗೆಯಲ್ಲಿರುವ ಫೀನಾಲ್ ಎಂಬ ರಾಸಾಯನಿಕಗಳು ಸಿಪ್ಪೆಯೊಳಗೆ ಇಳಿದು ಸಕ್ಕರೆಯ ಕಣಕ್ಕೆ ಅಂಟಿಕೊಳ್ಳುತ್ತವೆ. ಹಣ್ಣು ತಿಂದರೆ ಗೊತ್ತಾಗದು. ಹುದುಗಿದ ಮೇಲೆ ಆ ಬಂಧ ಬಿಟ್ಟು ಬೂದಿಯ ರುಚಿ ಹೊರಬರುತ್ತದೆ. ಎಷ್ಟೋ ಹಣ್ಣು ಕೊಯ್ಯದೆ ಬಳ್ಳಿಯಲ್ಲೇ ಉಳಿಯಿತು. 2024ರಲ್ಲಿ ಇನ್ನೂ ಇಳಿದು 29 ಲಕ್ಷದ ಹತ್ತಿರ ನಿಂತಿತು, ಅಲ್ಲಿಯವರೆಗಿನ ಎರಡು ದಶಕಗಳಲ್ಲೇ ಕಡಿಮೆ. ಈ ಸಲ ಬಿಸಿಲಿನ ಜೊತೆಗೆ ಇನ್ನೊಂದು ಕಾರಣ: ಜನ ವೈನ್ ಕುಡಿಯುವುದು ಕಡಿಮೆಯಾಗಿ ಕೊಳ್ಳುವವರೇ ಬರಲಿಲ್ಲ. ಬೆಂಕಿ ಇಳಿಸಿದ ಅಂಕಿ, ಮಾರುಕಟ್ಟೆ ಇಳಿಸಿದ ಅಂಕಿ ಎರಡೂ ಕಾಗದದಲ್ಲಿ ಒಂದೇ ಥರ ಕಾಣುತ್ತವೆ. ಪಕ್ಕದ ಬ್ರಿಕ್ಸ್, ದರಗಳನ್ನು ಸೇರಿಸಿ ಓದಿದವನಿಗೆ ಮಾತ್ರ ಬೇರೆ ಬೇರೆ ಕಾಣುತ್ತವೆ.

ಇಂಥ ಲೆಕ್ಕ ಹಳೆಯದಾದಷ್ಟೂ ಅದರ ತೂಕ ಹೆಚ್ಚು. ಫ್ರಾನ್ಸಿನ ಬರ್ಗಂಡಿಯ ಬೋನ್ ಪಟ್ಟಣದಲ್ಲಿ ದ್ರಾಕ್ಷಿ ಕೊಯ್ಲು ಶುರುವಾದ ದಿನಾಂಕಗಳು 1354ರಿಂದ ಸಿಗುತ್ತವೆ. ಅವನ್ನು 2018ರವರೆಗೆ ಜೋಡಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದ್ರಾಕ್ಷಿ ಹಣ್ಣಾಗುವ ವೇಗ ಬೇಸಿಗೆಯ ಕಾವಿಗೆ ತಕ್ಕ ಹಾಗೆ ಇರುವುದರಿಂದ ಕೊಯ್ಲಿನ ದಿನಾಂಕವೇ ಥರ್ಮಾಮೀಟರ್ ಆಗುತ್ತದೆ. 1988ರಿಂದ ಈಚೆಗೆ ಅಲ್ಲಿನ ಕೊಯ್ಲು ಹಿಂದಿನ ಸರಾಸರಿಗಿಂತ 13 ದಿನ ಮುಂಚೆ ಶುರುವಾಗುತ್ತಿದೆ. ಕೂಲಿ, ಕಂದಾಯದ ಸಲುವಾಗಿ ಬರೆದಿಟ್ಟ ಪುಸ್ತಕಗಳಿಂದ ಹೊರಟ ವಿಜ್ಞಾನ ಇದು. ನಮ್ಮ ಮಳೆ ಪುಸ್ತಕಗಳನ್ನು ಗೆದ್ದಲಿಗೆ ಬಿಟ್ಟ ಮನೆಗಳನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

"ಹಾಗಾದರೆ ಇಲ್ಲೇ ಯಾಕೆ ವೈನ್ ದ್ರಾಕ್ಷಿ ಹಾಕಬಾರದು?" ಎಂದು ತೋಟಕ್ಕೆ ಬಂದವರು ಕೇಳುವುದುಂಟು. ಮೇಲ್ನೋಟಕ್ಕೆ ಪ್ರಶ್ನೆ ಸರಿಯಾಗಿಯೇ ಇದೆ. ಕರ್ನಾಟಕದಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಜನವರಿಯಿಂದ ಮಾರ್ಚ್. ಆಗ ಕೊಡಗಿನಲ್ಲೂ ಒಣಹವೆ, ತಣ್ಣನೆಯ ರಾತ್ರಿ, ನಾವು ಕಾಫಿ ಕೊಯ್ಯುವ ಹೊತ್ತು. ಕೇಡು ಆಗುವುದು ಅದಕ್ಕಿಂತ ಆರೆಂಟು ತಿಂಗಳು ಮೊದಲು. ಉಷ್ಣವಲಯದಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುವುದಿಲ್ಲ. ಆದ್ದರಿಂದ ನಂದಿ ಬೆಟ್ಟದ ಬುಡದಲ್ಲೂ ವಿಜಯಪುರದಲ್ಲೂ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬರಿಸಲು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಣ್ಣಿಗಾಗಿ. ಬೇಸಿಗೆ ಚಾಟನಿ ಆದ ಒಂದೆರಡು ತಿಂಗಳಲ್ಲಿ ಹೊಸ ಕಡ್ಡಿಯ ಮೊಗ್ಗಿನೊಳಗೆ ಕಣ್ಣಿಗೆ ಕಾಣದ ಒಂದು ಗುಬುಟು ಹುಟ್ಟುತ್ತದೆ. ಅದು ಹೂಗೊಂಚಲೂ ಆಗಬಹುದು, ಬರಿಯ ಕುಡಿಬಳ್ಳಿಯೂ ಆಗಬಹುದು. ಬಿಸಿಲು ಚೆನ್ನಾಗಿ ಬಿದ್ದರೆ ಗೊಂಚಲು. ಮೋಡ ಕವಿದರೆ, ಬಳ್ಳಿ ಸೊಂಪಾಗಿ ಹಬ್ಬಿ ಜಿಬ್ಬರೆಲಿನ್ ಎಂಬ ಹಾರ್ಮೋನು ಹೆಚ್ಚಿದರೆ ಕುಡಿ. ಮುಂದಿನ ಜನವರಿಯ ಟನ್ ಎಷ್ಟು ಎಂಬುದು ಮೇ–ಜೂನಿನ ಆಕಾಶದಲ್ಲಿ ತೀರ್ಮಾನವಾಗುತ್ತದೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಮಡಿಕೇರಿಯಲ್ಲಿ 3,000 ದಾಟುತ್ತದೆ, ಜೂನ್ ಬಂತೆಂದರೆ ಸೂರ್ಯನ ಮುಖ ಕಾಣುವುದು ಅಪರೂಪ. ಇಲ್ಲಿ ದ್ರಾಕ್ಷಿ ನೆಟ್ಟರೆ ಚಪ್ಪರ ತುಂಬ ಹಸಿರು ಬರುತ್ತದೆ, ಗೊಂಚಲು ಬರುವುದಿಲ್ಲ. ಅಂಗಳದಲ್ಲಿ ಬಳ್ಳಿ ಹಬ್ಬಿಸಿ ನೋಡಿದವರಿಗೆ ಇದು ಗೊತ್ತು.

ಬಂದ ಎಲೆಯೂ ಉಳಿಯಬೇಕಲ್ಲ. ದ್ರಾಕ್ಷಿಯ ಬೂಜುರೋಗ ಎಲೆ ಒದ್ದೆಯಿದ್ದಾಗಲೇ ಹರಡುತ್ತದೆ. ಅದನ್ನು ತರುವ ಜೀವಿ, ನಮ್ಮ ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ತರುವ ಫೈಟಾಫ್ತೊರದ ಹತ್ತಿರದ ನೆಂಟ. ಎರಡಕ್ಕೂ ಮದ್ದು ಒಂದೇ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ನಾವು ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಹುಟ್ಟಿದ್ದೇ ವೈನ್ ದ್ರಾಕ್ಷಿಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯ ಬೆಳೆಗಾರರು ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ಬೂಜುರೋಗ ಊರೆಲ್ಲ ಎಲೆ ಉದುರಿಸಿದಾಗ ಆ ಸಾಲುಗಳು ಮಾತ್ರ ಹಸಿರಾಗಿ ನಿಂತದ್ದನ್ನು ಪಿಯರ್ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿದರು. 1885ರಲ್ಲಿ ಅದರ ಪಾಕ ಪ್ರಕಟಿಸಿದರು. ನಮ್ಮ ಈಗಿನ ಅಳತೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪ್ರತಿ ವರ್ಷ ಡ್ರಮ್ಮಿನಲ್ಲಿ ಆ ಆಕಾಶನೀಲಿ ತಿರುವಿ ಕಲಸುವಾಗ, ಹೊಳೆಯುವ ಕತ್ತಿ ಅದ್ದಿ ಕೆಂಪು ತಾಮ್ರ ಹತ್ತಿತೇ ಎಂದು ನೋಡುವಾಗ, ಆ ರಸ್ತೆ ಬದಿಯ ಬಳ್ಳಿಗಳು ನನಗೆ ನೆನಪಾಗುತ್ತವೆ.

ಇನ್ನು ನಮ್ಮ ಬೆಳೆಯ ಮಾತು. ಕಾಫಿಯಲ್ಲೂ ಬ್ರಿಕ್ಸ್‌ನಂಥ ಅಳತೆಯೊಂದಿದೆ, ಓಟಿ. ವ್ಯಾಪಾರಿ ಚೀಲದಿಂದ ಒಂದು ಹಿಡಿ ಒಣ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತೆಗೆದು ತೂಗುತ್ತಾನೆ, ಸಿಪ್ಪೆ ಬಿಡಿಸುತ್ತಾನೆ, ಊದಿ, ಬೀಜವನ್ನು ಮತ್ತೆ ತೂಗುತ್ತಾನೆ. 50 ಕೆ.ಜಿ. ಚೀಲಕ್ಕೆ 26 ಕೆ.ಜಿ. ಬೀಜದ ಲೆಕ್ಕ ಬಂದರೆ 26 ಓಟಿ. 28 ಬಂದರೆ ಆ ಎರಡಕ್ಕೂ ದುಡ್ಡು. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಬೆಳೆಗಾರ ಉಸಿರು ಬಿಗಿ ಹಿಡಿದಿರುತ್ತಾನೆ. ಒಂದು ಸಲ ಒಬ್ಬ ವ್ಯಾಪಾರಿ ನನ್ನ ರೋಬಸ್ಟಾಕ್ಕೆ 25 ಎಂದ. ಅದೇ ರಾಶಿಯ ಹಿಡಿಯನ್ನು ಮನೆಯಲ್ಲಿ ಮೂರು ಸಲ ತೂಗಿದಾಗ 27 ಬಂದಿತ್ತು. ನಾನು ಬರೆದಿಟ್ಟಿರಲಿಲ್ಲ, ವಾದಿಸಲು ಆಗಲಿಲ್ಲ.

ಓಟಿ ಹೇಳುವುದು ಎಷ್ಟು ಬೀಜ ಎಂದು, ಎಂಥ ಬೀಜ ಎಂದಲ್ಲ. ದಿನವೂ ಫೋನಿಗೆ ಬರುವ ದರಪಟ್ಟಿಯಲ್ಲಿ ಇರುವುದು ನಾಲ್ಕೇ ಸಾಲು: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಆದರೂ ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ಹಳೆಯ ಎಸ್. 795 ತಳಿಯೂ ಈಚಿನ ಚಂದ್ರಗಿರಿಯೂ ಒಂದೇ ಚೀಲದಲ್ಲಿ, ಒಂದೇ ದರಕ್ಕೆ ಹೋಗುತ್ತವೆ. ಎತ್ತರದ ಗುಡ್ಡದ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ ಎಂದು ಪ್ರತಿ ಬೆಳೆಗಾರನಿಗೂ ಗೊತ್ತು, ಪಟ್ಟಿಗೆ ಗೊತ್ತಿಲ್ಲ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಚೀಲ 20,000 ರೂಪಾಯಿ ದಾಟಿದಾಗ ಎಲ್ಲರಿಗೂ ಸಂತೋಷವಾಯಿತು, ನನಗೂ. ಆ ಏರಿಕೆ ಬ್ರೆಜಿಲ್, ವಿಯೆಟ್ನಾಮಿನ ಬರದಿಂದ ಬಂದದ್ದು. ನಮ್ಮ ಗುಡ್ಡದ ಹಣ್ಣಿಗೂ ತಗ್ಗಿನ ಹಣ್ಣಿಗೂ ಅದು ಒಂದೇ ಸಮ ಏರಿತು. ತಳಿವಾರು, ಊರುವಾರು ತೂಕ ಮತ್ತು ದರ ನಮ್ಮಲ್ಲೂ ಅಚ್ಚಾಗಬೇಕು. ನಾಪಾದ ಬೆಳೆಗಾರ ಚೌಕಾಸಿಗೆ ಕೂರುವಾಗ ಅವನ ಕೈಯಲ್ಲಿ ನೆರೆಯವರೆಲ್ಲರ ಸರಾಸರಿ ಇರುತ್ತದೆ, ನಾವು ಬರಿಗೈಯಲ್ಲಿ ಹೋಗುತ್ತೇವೆ.

ಈ ಸಲ ಮಳೆ ಪುಸ್ತಕದಲ್ಲಿ ಅಮ್ಮನ ವೈನ್ ಪುಟಗಳು ಮುಗಿದ ಕಡೆಯಿಂದ ನಾನು ಗೆರೆ ಹಾಕಿ ಕಾಲಂ ಮಾಡಿದ್ದೇನೆ: ತಳಿ, ತೋಟದ ಯಾವ ತುಂಡು, ಕೊಯ್ದ ದಿನ, ಹಣ್ಣಿನ ತೂಕ, ಓಟಿ, ದರ. 795ನ್ನೂ ಚಂದ್ರಗಿರಿಯನ್ನೂ ಕಣದ ಎರಡು ಮೂಲೆಗಳಲ್ಲಿ ಬೇರೆ ಬೇರೆ ಹರವಿದೆವು. ಕೊಯ್ಯುವವರಿಗೆ ಎರಡು ಬಣ್ಣದ ಚೀಲ ಕೊಟ್ಟಾಗ ಮೊದಲ ದಿನ ಗೊಂದಲವಾಯಿತು, ಮೂರನೇ ದಿನಕ್ಕೆ ರೂಢಿಯಾಯಿತು. ಮೊದಲ ನಾಲ್ಕು ಕಾಲಂ ತುಂಬಿವೆ. ಕಾಯಿ ಇನ್ನೂ ಒಣಗುತ್ತಿದೆ. ಬೆಳಿಗ್ಗೆ ಕುಲುಕಿ ನೋಡಿದೆ, ಒಳಗೆ ಬೀಜ ಗಲಗಲ ಎನ್ನಲು ಶುರುವಾಗಿರಲಿಲ್ಲ.