ಹೊಸ ಕ್ರೂಸ್ ಹಡಗಿನ ಮೊದಲ ಟ್ರಿಪ್ಪಿಗೆ ಬುಕ್ ಮಾಡುವ ಮುನ್ನ

"ಭಾವ, ಸಿಂಗಾಪುರದಿಂದ ಹೊರಡೋ ಆ ಡಿಸ್ನಿ ಹಡಗಿಗೆ ಈಗ್ಲೇ ಬುಕ್ ಮಾಡ್ಲಾ, ಇಲ್ಲ ಸ್ವಲ್ಪ ಕಾಯ್ಲಾ?" ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮ ಕೇಳಿದ ಪ್ರಶ್ನೆ. ನನ್ನದು ಹಡಗು ತಪಾಸಣೆಯ ಕೆಲಸ, ಕ್ಲಾಸ್ ಸರ್ವೇಯರ್ ಅನ್ನುತ್ತಾರೆ. ಹಾಗಾಗಿ ಹೊಸ ಹಡಗಿನ ಸುದ್ದಿ ಬಂದಾಗಲೆಲ್ಲ ನೆಂಟರಿಷ್ಟರ ಫೋನ್ ತಪ್ಪಿದ್ದಲ್ಲ. ಎಲ್ಲರಿಗೂ ನಾನು ತಿರುಗಿ ಕೇಳುವುದು ಒಂದೇ: ಹಡಗು ಈಗ ಯಾವ ಹಂತದಲ್ಲಿದೆ? ಯಾರಿಗೂ ಗೊತ್ತಿರುವುದಿಲ್ಲ. ಜಾಹೀರಾತಿನಲ್ಲಿ ಹೊರಡುವ ತಾರೀಕು ಮಾತ್ರ ಇರುತ್ತದೆ, ಅದರ ಹಿಂದಿನ ತಾರೀಕುಗಳನ್ನು ಯಾರೂ ಹೇಳುವುದಿಲ್ಲ. ಹಡಗು ಹೇಳಿದ ದಿನಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಗೊತ್ತಾಗುವುದು ಆ ಹಿಂದಿನ ತಾರೀಕುಗಳಿಂದಲೇ.

ಎಲ್ಲರೂ ಕೇಳಿರುವ ಒಂದು ಹಡಗನ್ನೇ ತೆಗೆದುಕೊಳ್ಳೋಣ. ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದಿ ಸೀಸ್, ಫಿನ್ಲೆಂಡಿನ ಟುರ್ಕುವಿನಲ್ಲಿರುವ ಮೇಯರ್ ಯಾರ್ಡಿನಲ್ಲಿ (ಯಾರ್ಡ್ ಅಂದರೆ ಹಡಗು ಕಟ್ಟುವ ಕಾರ್ಖಾನೆ) ಕಟ್ಟಿದ್ದು. ಸುಮಾರು 365 ಮೀಟರ್ ಉದ್ದ, 20 ಡೆಕ್, 2,48,000ಕ್ಕೂ ಹೆಚ್ಚು ಗ್ರಾಸ್ ಟನ್. (ಇದನ್ನು ಹಡಗಿನ ತೂಕ ಎಂದು ಬರೆಯುವ ಪತ್ರಿಕೆಗಳಿವೆ. ಇದು ತೂಕವಲ್ಲ, ಒಳಗಿನ ಒಟ್ಟು ಜಾಗದಿಂದ ಲೆಕ್ಕ ಹಾಕುವ ಅಳತೆ.) ಈ ವರ್ಗದ ಹಡಗುಗಳ ಒಪ್ಪಂದದ ಸುದ್ದಿ ಬಂದದ್ದು 2016ರಲ್ಲಿ. ಆಗ ಹೇಳಿದ್ದು 2022ಕ್ಕೆ ಕೊಡುತ್ತೇವೆ ಎಂದು. ಮೊದಲ ಉಕ್ಕಿನ ತಗಡು ಕತ್ತರಿಸಿದ್ದು 2021ರ ಜೂನ್, ಕೀಲ್ (ಹಡಗಿನ ಅಡಿಯ ಬೆನ್ನುಮೂಳೆ) ಇಟ್ಟದ್ದು 2022ರ ಏಪ್ರಿಲ್, ನೀರಿಗೆ ತೇಲಿಸಿದ್ದು 2022ರ ಡಿಸೆಂಬರ್, ಮೊದಲ ಸಮುದ್ರ ಪರೀಕ್ಷೆ 2023ರ ಜೂನ್, ಹಸ್ತಾಂತರ 2023ರ ನವೆಂಬರ್ 27. ಲಿಯೊನೆಲ್ ಮೆಸ್ಸಿ ಮಯಾಮಿಯಲ್ಲಿ ನಾಮಕರಣ ಮಾಡಿದ್ದು 2024ರ ಜನವರಿ 23, ಮೊದಲ ಪ್ರಯಾಣ ಜನವರಿ 27.

ಜನರಿಗೆ ನೆನಪಿರುವುದು ಮೆಸ್ಸಿ ಬಂದ ದಿನ. ತಾಂತ್ರಿಕವಾಗಿ ನೋಡಿದರೆ ಆವತ್ತು ಹಡಗಿನಲ್ಲಿ ಏನೂ ನಡೆಯಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಹಾಲು ಉಕ್ಕುವುದನ್ನು ನೋಡುತ್ತಾರೆ, ಮೇಸ್ತ್ರಿ ಮಾತ್ರ ತಾರಸಿ ಸೋರುತ್ತದೋ ಅಂತ ನೋಡಿ ಆಗಿರುತ್ತದೆ. ಯಾರ್ಡಿನವರು ಉಸಿರು ಬಿಗಿಹಿಡಿದು ಕಾಯುವ ದಿನಗಳೇ ಬೇರೆ.

ಕೀಲ್ ಇಡುವ ದಿನದಿಂದ ಶುರು ಮಾಡುತ್ತೇನೆ. ಹಿಂದಿನಂತೆ ಉದ್ದನೆಯ ಬೆನ್ನುಮೂಳೆ ಹಾಸಿ ಅದರ ಮೇಲೆ ಪಕ್ಕೆಲುಬು ಏರಿಸುವ ಪದ್ಧತಿ ದೊಡ್ಡ ಹಡಗುಗಳಲ್ಲಿ ಹೋಗಿ ಎಷ್ಟೋ ಕಾಲವಾಯಿತು. ಈಗ ಶೆಡ್ಡಿನೊಳಗೆ ಪೈಪು, ಕೇಬಲ್ ದಾರಿ ಸಮೇತ ಬ್ಲಾಕ್‌ಗಳನ್ನು ಕಟ್ಟುತ್ತಾರೆ, ನೂರಾರು ಟನ್ ತೂಗುವ ಒಂದೊಂದನ್ನೂ ಕ್ರೇನಿನಲ್ಲಿ ಎತ್ತಿ ಡ್ರೈ ಡಾಕಿನ, ಅಂದರೆ ನೀರು ಖಾಲಿ ಮಾಡಿದ ದೊಡ್ಡ ತೊಟ್ಟಿಯ, ನೆಲಕ್ಕೆ ಇಳಿಸಿ ಬೆಸೆಯುತ್ತಾರೆ. ಮೊದಲ ಬ್ಲಾಕ್ ಇಳಿಸುವಾಗ ಅಡಿಯಲ್ಲಿ ಅದೃಷ್ಟಕ್ಕೆಂದು ನಾಣ್ಯ ಇಡುತ್ತಾರೆ, ಕಂಪನಿಯ ದೊಡ್ಡವರು ಫೋಟೊಗೆ ನಿಲ್ಲುತ್ತಾರೆ. ಆದರೆ ನಮ್ಮ ಕಡತದಲ್ಲಿ ಆ ತಾರೀಕಿಗೆ ಇರುವ ಬೆಲೆ ನಾಣ್ಯದ್ದಲ್ಲ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್‌ನ ಯಾವ ನಿಯಮ ಹಡಗಿಗೆ ಅನ್ವಯಿಸುತ್ತದೆ ಎಂಬುದು ಬಹುಮಟ್ಟಿಗೆ ಕೀಲ್ ಇಟ್ಟ ದಿನದ ಮೇಲೆ ನಿಂತಿದೆ. ಕೀಲ್ ಇಟ್ಟಿದ್ದೇವೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ನಿಯಮದಲ್ಲಿ ಅದಕ್ಕೂ ಒಂದು ಅಳತೆಯಿದೆ. ಈ ಹಡಗಿನದೇ ಎಂದು ಗುರುತಿಸಬಹುದಾದ ಜೋಡಣೆ ಕನಿಷ್ಠ 50 ಟನ್ ಅಥವಾ ಒಟ್ಟು ಉಕ್ಕಿನ ಅಂದಾಜು ತೂಕದ ಶೇ. 1, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಆಗಿದ್ದರೆ ಅದೂ ಸಮಾನ ಹಂತವೇ. ಉದಾಹರಣೆಗೆ, 2010ರ ಜುಲೈ 1 ಅಥವಾ ಅದರ ನಂತರ ಈ ಹಂತಕ್ಕೆ ಬಂದ 120 ಮೀಟರಿಗಿಂತ ಉದ್ದದ ಪ್ರಯಾಣಿಕ ಹಡಗು, ಒಂದು ಮಿತಿಯೊಳಗಿನ ಬೆಂಕಿ ಅಥವಾ ನೀರು ನುಗ್ಗಿದ ಅವಘಡದ ನಂತರವೂ ತನ್ನ ಶಕ್ತಿಯಿಂದಲೇ ಬಂದರಿಗೆ ವಾಪಸಾಗುವಂತಿರಬೇಕು. ಒಂದು ಎಂಜಿನ್ ರೂಮ್ ಹೋದರೆ ಇನ್ನೊಂದು, ಒಂದು ಕೇಬಲ್ ದಾರಿ ಸುಟ್ಟರೆ ಮತ್ತೊಂದು. ಹೊಸ ಹಡಗಿನ ವಿನ್ಯಾಸವೇ ಇದರಿಂದ ಬದಲಾಯಿತು. ಪ್ರಯಾಣಿಕರು ವಾಟರ್ ಸ್ಲೈಡ್ ಎಷ್ಟಿದೆ ಅಂತ ಎಣಿಸುತ್ತಾರೆ, ಹೊಸ ಹಡಗು ಹಳೆಯದಕ್ಕಿಂತ ನಿಜವಾಗಿ ಮೇಲಿರುವುದು ಇಂಥ ಕಡೆ.

ಮುಂದಿನದು ತೇಲಿಸುವ ದಿನ. ಹಲಗೆಯ ಮೇಲಿಂದ ಜಾರಿಸಿ ಸಮುದ್ರಕ್ಕೆ ಧುಮುಕಿಸುವ ದೃಶ್ಯ ಇಲ್ಲಿಲ್ಲ. ಡಾಕಿನ ವಾಲ್ವ್ ತೆರೆದು ಗಂಟೆಗಟ್ಟಲೆ ನೀರು ತುಂಬುತ್ತಾರೆ. ಕೆಳಗಿನ ಟ್ಯಾಂಕು, ಖಾಲಿ ಕೋಣೆಗಳಲ್ಲೆಲ್ಲ ಟಾರ್ಚ್ ಹಿಡಿದ ಜನ ಬೆಸುಗೆಯಲ್ಲಿ ಎಲ್ಲಾದರೂ ಜಿನುಗುತ್ತಿದೆಯಾ ಅಂತ ನೋಡುತ್ತಾ ಓಡಾಡುತ್ತಾರೆ. ಹಡಗು ಅಡಿಗೆ ಕೊಟ್ಟಿದ್ದ ದಿಮ್ಮಿಗಳಿಂದ ಎದ್ದ ಕ್ಷಣ ಮೇಲೆ ನಿಂತವರಿಗೆ ಏನೂ ತಿಳಿಯುವುದೇ ಇಲ್ಲ. ನಾವು ಮಾಡುವ ಮೊದಲ ಕೆಲಸ ಚಿಕ್ಕ ದೋಣಿಯಲ್ಲಿ ಸುತ್ತು ಹಾಕಿ ಮುಂದೆ, ಮಧ್ಯೆ, ಹಿಂದೆ ಎರಡೂ ಪಕ್ಕದ ನೀರುಮಟ್ಟದ ಅಂಕಿ ಓದುವುದು. ಅದರಿಂದ ಹಡಗಿನ ನಿಜವಾದ ತೂಕ ಮೊದಲ ಬಾರಿ ಸಿಗುತ್ತದೆ. ಡ್ರಾಯಿಂಗಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬಂದರೆ ಮೀಟಿಂಗ್ ರೂಮಿನಲ್ಲಿ ಕಾಫಿ ಆರಿಹೋಗುತ್ತದೆ.

ತೂಕ ಎಷ್ಟು ಅನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದು ದೊಡ್ಡ ಪ್ರಶ್ನೆ. ಕ್ರೂಸ್ ಹಡಗಿನಲ್ಲಿ ಈಜುಕೊಳ, ಅಡುಗೆಮನೆ, ಥಿಯೇಟರ್, ಗಾಜಿನ ಗುಮ್ಮಟ ಎಲ್ಲವೂ ಮೇಲೆಯೇ ಹೋಗಿ ಕೂರುತ್ತವೆ, ಮಾಲೀಕರು ಕೊನೆಯವರೆಗೂ ಇನ್ನೊಂದು ಸೇರಿಸಿ ಅನ್ನುತ್ತಲೇ ಇರುತ್ತಾರೆ. ಇದನ್ನು ಅಳೆಯುವ ಇನ್‌ಕ್ಲೈನಿಂಗ್ ಪರೀಕ್ಷೆ ನನಗೆ ಇಡೀ ಕೆಲಸದಲ್ಲೇ ಅಚ್ಚುಮೆಚ್ಚು. ಗಾಳಿ ಇಲ್ಲದ ಬೆಳಗ್ಗೆ ಆರಿಸುತ್ತಾರೆ. ಏಣಿ ಸೇತುವೆ ತೆಗೆಯುತ್ತಾರೆ, ದಡಕ್ಕೆ ಕಟ್ಟಿದ ಹಗ್ಗ ಸಡಿಲಿಸುತ್ತಾರೆ, ಕೆಲಸವಿಲ್ಲದವರನ್ನೆಲ್ಲ ಇಳಿಸಿ ಉಳಿದವರ ತಲೆ ಎಣಿಸುತ್ತಾರೆ. ಆಮೇಲೆ ಲೆಕ್ಕವಿರುವ ಭಾರವನ್ನು ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿಸುವುದು. ಒಳಗೆ ಎತ್ತರದ ಜಾಗ ನೋಡಿ ಮೇಲಿಂದ ನಾಲ್ಕೈದು ಮೀಟರ್ ಉದ್ದದ ತೆಳು ತಂತಿ ಇಳಿಬಿಟ್ಟಿರುತ್ತಾರೆ. ತುದಿಯಲ್ಲಿ ಗುಂಡು, ಅದು ಅಲ್ಲಾಡದಿರಲಿ ಅಂತ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿರುತ್ತದೆ, ತಂತಿಯ ಹಿಂದೆ ಮರದ ಪಟ್ಟಿ. ಕೋಟ್ಯಂತರ ಯೂರೋ ಬೆಲೆಯ ಹಡಗು ಎಷ್ಟು ವಾಲಿತು ಎಂಬುದನ್ನು ಮಂಡಿಯೂರಿ ಕೂತ ಒಬ್ಬ ಪೆನ್ಸಿಲಿನಲ್ಲಿ ಆ ಪಟ್ಟಿಯ ಮೇಲೆ ಗೀರುತ್ತಾನೆ. ಭಾರ ಸರಿಸಿದಷ್ಟು ಸಲ ಗೀರು. ಈಗ ಎಲೆಕ್ಟ್ರಾನಿಕ್ ಉಪಕರಣಗಳೂ ಇವೆ, ಆದರೂ ಗುಂಡು ಕಟ್ಟಿದ ತಂತಿ ಹೇಳಿದ್ದನ್ನು ನಂಬುವವರೇ ನಮ್ಮಲ್ಲಿ ಹೆಚ್ಚು. ಆ ಗೀರುಗಳಿಂದ ಗುರುತ್ವ ಕೇಂದ್ರದ ಎತ್ತರ ಸಿಗುತ್ತದೆ. ಅದು ಮಿತಿ ಮೀರಿದ್ದರೆ ಹಡಗಿನ ಕೆಳಗೆ ಶಾಶ್ವತ ಭಾರ ಹೇರಬೇಕು, ಇಲ್ಲವೇ ಮೇಲಿನಿಂದ ಏನಾದರೂ ಕಳೆಯಬೇಕು. ಎರಡಕ್ಕೂ ತಿಂಗಳುಗಳು ಬೇಕು.

ಕ್ಯಾಬಿನ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅವನ್ನು ಹಡಗಿನಲ್ಲಿ ಕಟ್ಟುವುದಿಲ್ಲ. ಟುರ್ಕುವಿನ ಹಡಗುಗಳಿಗೆ ಹತ್ತಿರದ ಪೀಕ್ಕಿಯೊ ಊರಿನ ಕಾರ್ಖಾನೆಯಲ್ಲಿ ಬಾತ್‌ರೂಮ್ ಸಮೇತ ಪೆಟ್ಟಿಗೆಯ ಹಾಗೆ ತಯಾರಾಗಿ, ಹಡಗಿನ ಪಕ್ಕದ ತೆರೆಯಿಂದ ಒಳಗೆ ತಳ್ಳಿ ನೀರು, ವಿದ್ಯುತ್ ಜೋಡಿಸಿದರೆ ಆಯಿತು. ಅಷ್ಟು ಸಲೀಸು. ಕಷ್ಟ ಇರುವುದು ಎಲ್ಲರೂ ಸೇರುವ ಜಾಗಗಳಲ್ಲಿ. ರೆಸ್ಟೋರೆಂಟ್, ಥಿಯೇಟರ್, ಲಾಬಿ ಒಂದೊಂದಕ್ಕೂ ಬೇರೆ ಗುತ್ತಿಗೆದಾರ, ಬೇರೆ ಭಾಷೆ, ಮತ್ತು ಎಲ್ಲರಿಗೂ ಅದೇ ಲಿಫ್ಟ್ ಬೇಕು. ಉಕ್ಕಿನ ಕೆಲಸದಲ್ಲಿ ಪಳಗಿದ ಯಾರ್ಡುಗಳೂ ಇಲ್ಲಿ ಸೋತಿವೆ. ಜಪಾನಿನ ಮಿತ್ಸುಬಿಷಿ ನಾಗಸಾಕಿಯಲ್ಲಿ ಕಟ್ಟಿದ ಐಡಾಪ್ರೀಮಾ ಸುಮಾರು ಒಂದು ವರ್ಷ ತಡವಾಗಿ 2016ರ ಮಾರ್ಚಿನಲ್ಲಿ ಹಸ್ತಾಂತರವಾಯಿತು. ನಷ್ಟ ಎಷ್ಟು ದೊಡ್ಡದಿತ್ತೆಂದರೆ ಅದೇ ವರ್ಷ ಕಂಪನಿ ಭಾರೀ ಕ್ರೂಸ್ ಹಡಗುಗಳ ಸಹವಾಸವೇ ಬೇಡ ಎಂದು ಕೈತೊಳೆದುಕೊಂಡಿತು.

ಸಮುದ್ರ ಪರೀಕ್ಷೆಯಲ್ಲಿ ವೇಗ, ತಿರುವು, ಪೂರ್ಣ ವೇಗದಿಂದ ಹಠಾತ್ ನಿಲುಗಡೆ, ಲಂಗರು, ಕಂಪನ, ಶಬ್ದ ಎಲ್ಲವನ್ನೂ ನೋಡುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಕತ್ತಲೆಯ ಪರೀಕ್ಷೆ. ಬೇಕೆಂದೇ ಹಡಗಿನ ಇಡೀ ವಿದ್ಯುತ್ ಕಡಿಯುತ್ತಾರೆ. ದಿನವಿಡೀ ಕಿವಿಯಲ್ಲಿದ್ದ ಫ್ಯಾನಿನ ಸದ್ದು ನಿಂತಾಗಲೇ ಅದು ಅಷ್ಟು ಜೋರಾಗಿತ್ತು ಅಂತ ತಿಳಿಯುವುದು. ಬ್ಯಾಟರಿಯ ತುರ್ತು ದೀಪಗಳು ಮಾತ್ರ ಉರಿಯುತ್ತಿರುತ್ತವೆ. 45 ಸೆಕೆಂಡಿನೊಳಗೆ ತುರ್ತು ಜನರೇಟರ್ ತಾನಾಗಿ ಶುರುವಾಗಿ ಭಾರ ಹೊರಬೇಕು. ಸ್ಟಾಪ್‌ವಾಚ್ ಹಿಡಿದವನ ಮುಖವನ್ನೇ ಎಲ್ಲರೂ ನೋಡುತ್ತಿರುತ್ತಾರೆ. ಪಾಸಾದರೆ ಮುಂದಿನ ಸಾಲಿಗೆ ಟಿಕ್, ಇಲ್ಲದಿದ್ದರೆ ಕಾರಣ ಹುಡುಕಿ ಮತ್ತೆ ಕತ್ತಲೆ.

ಯಾರ್ಡಿನ ಹೊರಗಿನ ಜನರಿಗೂ ಕಾಯುವ ಸಂಭ್ರಮ ಇಲ್ಲವೆಂದಲ್ಲ. ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿರುವ ಮೇಯರ್ ವೆರ್ಫ್ಟ್ ಯಾರ್ಡ್ ಸಮುದ್ರದಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಎಮ್ಸ್ ಎಂಬ ಕಿರಿದಾದ ನದಿಯ ದಡದಲ್ಲಿದೆ. ಹಡಗು ಮುಗಿದ ಮೇಲೆ ಗಾಂಡರ್ಸಮ್‌ನ ತಡೆಗೋಡೆ ಮುಚ್ಚಿ ನದಿಯ ಮಟ್ಟ ಏರಿಸಿ, ಟಗ್ ಎಂಬ ಎಳೆಯುವ ದೋಣಿಗಳು ಹಡಗನ್ನು ಹಿಮ್ಮುಖವಾಗಿ ನಿಧಾನಕ್ಕೆ ಒಯ್ಯುತ್ತವೆ. ಹಸು ಮೇಯುವ ಹೊಲಗಳ ನಡುವೆ ಹದಿನೈದು ಇಪ್ಪತ್ತು ಅಂತಸ್ತು ಹಿಂದೆ ಹಿಂದೆ ಹೋಗುವುದನ್ನು ನೋಡಲು ಜನ ಏರಿಯ ಮೇಲೆ ಸಾಲುಗಟ್ಟಿ ನಿಲ್ಲುತ್ತಾರೆ. ಟುರ್ಕುವಿನ ಹಡಗುಗಳಿಗೆ ಇನ್ನೊಂದು ಗಂಡಾಂತರ. ಬಾಲ್ಟಿಕ್‌ನಿಂದ ಹೊರಬರಲು ಡೆನ್ಮಾರ್ಕಿನ ಗ್ರೇಟ್ ಬೆಲ್ಟ್ ಸೇತುವೆಯ ಕೆಳಗೆ ನುಸುಳಬೇಕು, ಅಲ್ಲಿರುವ ಎತ್ತರ 65 ಮೀಟರ್. 2009ರಲ್ಲಿ ಓಯಸಿಸ್ ಆಫ್ ದಿ ಸೀಸ್ ಹೋದಾಗ ಮಡಚುವ ಚಿಮಣಿಗಳನ್ನು ಕೆಳಗಿಳಿಸಿ, ವೇಗವಾಗಿ ಓಡಿಸಿದರು. ಆಳ ಕಡಿಮೆ ಇರುವಲ್ಲಿ ಹಡಗು ವೇಗವಾಗಿ ಹೋದರೆ ನೀರಿನಲ್ಲಿ ಸ್ವಲ್ಪ ಕೆಳಗೆ ಕೂರುತ್ತದೆ, ಆ ಲಾಭಕ್ಕಾಗಿ. ಆದರೂ ಮೇಲೆ ಉಳಿದದ್ದು ಎರಡು ಅಡಿಗಿಂತ ಕಡಿಮೆ.

ಇಷ್ಟಾದರೂ ಹಡಗು ಇನ್ನೂ ಯಾರ್ಡಿನದೇ. ಹಸ್ತಾಂತರದ ಪತ್ರಕ್ಕೆ ಸಹಿಯಾಗಿ, ಯಾರ್ಡಿನ ಬಾವುಟ ಇಳಿದು ಮಾಲೀಕರದ್ದು ಏರಿದಾಗ ಮಾತ್ರ ಕೈ ಬದಲಾಗುತ್ತದೆ. ಕ್ರೂಸ್ ಹಡಗಿನ ಬೆಲೆಯಲ್ಲಿ ಶೇ. 80ರಷ್ಟು ಪಾವತಿಯಾಗುವುದು ಸಾಮಾನ್ಯವಾಗಿ ಆವತ್ತೇ. ಅಲ್ಲಿಯವರೆಗೆ ಯಾರ್ಡು ಸಾಲದ ಮೇಲೆ ಬದುಕುತ್ತದೆ. 1795ರಿಂದ ನಡೆಯುತ್ತಾ ಬಂದ ಮೇಯರ್ ವೆರ್ಫ್ಟ್‌ನ ಕೈ ಕಟ್ಟಿಹೋಗಿ 2024ರಲ್ಲಿ ಜರ್ಮನ್ ಸರ್ಕಾರ ಮತ್ತು ಲೋವರ್ ಸ್ಯಾಕ್ಸನಿ ರಾಜ್ಯ ಸೇರಿ ಸುಮಾರು ಶೇ. 80 ಪಾಲು ಕೊಳ್ಳಬೇಕಾಗಿ ಬಂದದ್ದರ ಹಿಂದೆ ಈ ಪದ್ಧತಿಯೂ ಇತ್ತು. ತಡವಾದಷ್ಟು ದಿನ ಬಡ್ಡಿ ಓಡುತ್ತದೆ, ಆದ್ದರಿಂದ ಯಾರ್ಡು ತಡವಾಗುತ್ತದೆ ಎಂದು ಬಾಯಿಬಿಡುವುದು ಕೊನೆಗೆ. ಟಿಕೆಟ್ ಮಾರಾಟವಂತೂ ವರ್ಷಕ್ಕೂ ಮೊದಲೇ ಶುರುವಾಗಿರುತ್ತದೆ. ಐಕಾನ್ ಬುಕಿಂಗ್ ತೆರೆದದ್ದು 2022ರ ಅಕ್ಟೋಬರಿನಲ್ಲಿ, ಹಡಗು ಇನ್ನೂ ಡಾಕಿನಿಂದ ಎದ್ದಿರಲಿಲ್ಲ.

ಈಗ ನನ್ನ ಭಾವಮೈದುನ ಕೇಳಿದ ಹಡಗು. ಡಿಸ್ನಿ ಅಡ್ವೆಂಚರ್ ಹುಟ್ಟಿದ್ದು ಬೇರೆ ಹೆಸರಿನಲ್ಲಿ, ಬೇರೆಯವರಿಗಾಗಿ. ಗೆಂಟಿಂಗ್ ಹಾಂಗ್‌ಕಾಂಗ್ ಎಂಬ ಕಂಪನಿ ಇದನ್ನು ಗ್ಲೋಬಲ್ ಡ್ರೀಮ್ ಎಂದು ಜರ್ಮನಿಯ ವಿಸ್ಮಾರ್‌ನಲ್ಲಿ ಕಟ್ಟಿಸುತ್ತಿತ್ತು, 9,000ಕ್ಕೂ ಹೆಚ್ಚು ಪ್ರಯಾಣಿಕರನ್ನು ಹಿಡಿಸುವ ಯೋಜನೆ. 2022ರ ಜನವರಿಯಲ್ಲಿ ಅದನ್ನು ಕಟ್ಟುತ್ತಿದ್ದ ಎಂವಿ ವೆರ್ಫ್ಟನ್ ಯಾರ್ಡ್ ದಿವಾಳಿಯಾಯಿತು, ಅರ್ಧಕ್ಕಿಂತ ಹೆಚ್ಚು ಮುಗಿದಿದ್ದ ಹಡಗು ಶೆಡ್ಡಿನಲ್ಲೇ ನಿಂತಿತು. ಅದೇ ವರ್ಷ ನವೆಂಬರಿನಲ್ಲಿ ಡಿಸ್ನಿ ಕೊಂಡುಕೊಂಡಿತು. ಪ್ರಯಾಣಿಕರ ಸಂಖ್ಯೆಯನ್ನು ಸುಮಾರು 6,700ಕ್ಕೆ ಇಳಿಸಿ ಒಳಗನ್ನು ಬದಲಿಸಿತು. 2025ರ ಡಿಸೆಂಬರ್ 15ಕ್ಕೆ ಸಿಂಗಾಪುರದಿಂದ ಮೊದಲ ಪ್ರಯಾಣ ಎಂದು ಟಿಕೆಟ್ ಮಾರಿತು, ಒಂದು ತಿಂಗಳಷ್ಟೇ ಉಳಿದಿದ್ದಾಗ ಅದನ್ನು 2026ರ ಮಾರ್ಚ್ 10ಕ್ಕೆ ಮುಂದೂಡಿತು. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ವಿಮಾನ, ಮೂರು ನಾಲ್ಕು ರಾತ್ರಿಯ ಪ್ರವಾಸ, ಕ್ರಿಸ್‌ಮಸ್ ರಜೆ. ಇಂಥ ಲೆಕ್ಕ ಹಾಕಿದ ಎಷ್ಟೋ ಮನೆಗಳಿಗೆ ಏಟು ಬಿತ್ತು. ಇನ್ನೊಬ್ಬರಿಗಾಗಿ ಕಟ್ಟಿದ್ದನ್ನು ಬಿಚ್ಚಿ ಹೊಸದಾಗಿ ಮಾಡುವುದು ಎಂಥ ಕೆಲಸ ಅಂತ ಬಲ್ಲವರಿಗೆ ಅದು ಆಶ್ಚರ್ಯದ ಸುದ್ದಿಯೇ ಅಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟೇ. ಹಡಗು ಹಸ್ತಾಂತರವಾಗದೆ ಮೊದಲ ತಿಂಗಳ ಟಿಕೆಟ್ ಮಾಡುವುದಾದರೆ, ವಿಮಾನ ಮತ್ತು ಹೋಟೆಲ್ ಎರಡನ್ನೂ ವಾಪಸ್ ಹಣ ಸಿಗುವಂಥದ್ದೇ ಮಾಡಿ. ಹಡಗಿನ ಕಂಪನಿ ತನ್ನ ಟಿಕೆಟ್ಟಿನ ಹಣ ಕೊಡಬಹುದು, ವಿಮಾನದ್ದು ಕೊಡುತ್ತದೆ ಎಂದು ಲೆಕ್ಕ ಹಾಕಬೇಡಿ. ಎರಡನೇ ಸಮುದ್ರ ಪರೀಕ್ಷೆ ಮುಗಿದ ಸುದ್ದಿ ಬಂದಿದೆಯಾ ನೋಡಿ, ಅದು ಜಾಹೀರಾತಿಗಿಂತ ನಂಬಬಹುದಾದ ಸೂಚನೆ. ಅವಸರವಿಲ್ಲದಿದ್ದರೆ ಮೂರು ನಾಲ್ಕು ತಿಂಗಳು ಬಿಟ್ಟು ಹೋಗಿ. ಲಿಫ್ಟ್, ಎಸಿ, ಅಡುಗೆಮನೆಯ ಸಣ್ಣಪುಟ್ಟ ತಕರಾರುಗಳು ಅಷ್ಟರಲ್ಲಿ ತೀರಿರುತ್ತವೆ. ಸುರಕ್ಷತೆಯ ಬಗ್ಗೆ ಹೆದರಿ ಕಾಯಬೇಕಾಗಿಲ್ಲ, ಆ ಪರೀಕ್ಷೆಗಳಲ್ಲಿ ಪಾಸಾಗದೆ ಹಡಗು ಹೊರಡುವುದಿಲ್ಲ.

ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಕೇಳುವವರೂ ಇದ್ದಾರೆ. ಮಂಗಳೂರು, ಉಡುಪಿ ಕಡೆಯ ಹುಡುಗರು, ಕ್ರೂಸ್ ಹಡಗಿನ ಅಡುಗೆಮನೆ, ಹೌಸ್‌ಕೀಪಿಂಗ್‌ನಲ್ಲಿ ದುಡಿಯುವವರು. ಹೊಸ ಹಡಗಿಗೆ ಯಾರ್ಡಿನಲ್ಲೇ ಹತ್ತಲು ಕರೆದಿದ್ದಾರೆ, ಹೋಗ್ಲಾ ಅಣ್ಣ ಅಂತ. ಪ್ರಯಾಣಿಕರು ಬರುವುದಕ್ಕೆ ವಾರಗಳ ಮೊದಲೇ ಅವರು ಅಲ್ಲಿರಬೇಕು. ಧೂಳು, ಡ್ರಿಲ್ಲಿಂಗ್ ಸದ್ದು, ಬಿಚ್ಚದ ಪೆಟ್ಟಿಗೆಗಳು, ದಿನಾ ಬೆಂಕಿ ಮತ್ತು ದೋಣಿಯ ಅಭ್ಯಾಸ. ಜನ ಸೇರಿದ ಮೇಲೆ, ಹಡಗು ಬಿಡುವ ಆಜ್ಞೆಯಾದರೆ 30 ನಿಮಿಷದಲ್ಲಿ ಎಲ್ಲ ದೋಣಿಗಳನ್ನು ತುಂಬಿಸಿ ಇಳಿಸಬೇಕು. ಅದು ಅಭ್ಯಾಸವಾಗುವವರೆಗೆ ಬಿಡುವುದಿಲ್ಲ. ಅಡುಗೆಯವನಿಗೆ ನಾನು ಹೋಗು ಅನ್ನುತ್ತೇನೆ, ಒಂದು ಅಡುಗೆಮನೆ ಸೊನ್ನೆಯಿಂದ ಶುರುವಾಗುವುದನ್ನು ನೋಡುವ ಅವಕಾಶ ಮತ್ತೆ ಸಿಗುವುದು ಕಷ್ಟ. ವೇಟರ್‌ಗೆ ಲೆಕ್ಕ ಬೇರೆ. ಪ್ರಯಾಣಿಕರಿಲ್ಲದ ವಾರಗಳಲ್ಲಿ ಟಿಪ್ಸ್ ಇಲ್ಲ, ಹೊರಡುವ ದಿನ ಮುಂದೆ ಹೋದರೆ ಆ ವಾರಗಳು ತಿಂಗಳುಗಳಾಗುತ್ತವೆ. ಆ ಅವಧಿಗೆ ಖಾತ್ರಿ ಸಂಬಳ ಎಷ್ಟು ಎಂದು ಕಾಂಟ್ರಾಕ್ಟಿನಲ್ಲಿ ಬರೆದಿದೆಯಾ ನೋಡಿ, ಏಜೆಂಟಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ (ಹಡಗಿಗೆ ಜನರನ್ನು ನೇಮಿಸಿ ಕಳಿಸುವ) ಪರವಾನಗಿ ಇದೆಯಾ ಎಂದು ನಂಬರ್ ಹಾಕಿ ಪರಿಶೀಲಿಸಿ, ಆಮೇಲೆ ಸಹಿ ಹಾಕಿ.