ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಸೋತಿದೆ ಎಂದರ್ಥ

ರಕ್ತಪರೀಕ್ಷೆಯ ವರದಿಯಲ್ಲಿ ಟಿಎಸ್‌ಎಚ್ 12 ಎಂದು ಬಂದಿರುತ್ತದೆ. ಪಕ್ಕದಲ್ಲಿ ಸಾಮಾನ್ಯ ಮಿತಿ ಸುಮಾರು 0.4ರಿಂದ 4 ಎಂದಿರುತ್ತದೆ. ನೋಡಿದವರು 'ಥೈರಾಯ್ಡ್ ಜಾಸ್ತಿಯಾಗಿದೆ' ಅಂದುಕೊಳ್ಳುತ್ತಾರೆ. ಆಗಿರುವುದು ಬಹುಮಟ್ಟಿಗೆ ಅದರ ಉಲ್ಟಾ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿ ತಯಾರಿಸುವ ವಸ್ತುವೇ ಅಲ್ಲ. ಮಿದುಳಿನ ಅಡಿಯಲ್ಲಿ, ತಲೆಬುರುಡೆಯ ಒಂದು ಸಣ್ಣ ಗುಳಿಯಲ್ಲಿ ಕೂತಿರುವ ಅರ್ಧ ಗ್ರಾಮಿನಷ್ಟು ತೂಕದ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸುವ ತಾಕೀತು ಅದು. ಕೆಲಸ ನಡೆಯದಿದ್ದಾಗಲೇ ತಾಕೀತು ಜೋರಾಗುವುದು.

ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಆ ಮಾತು ಕೇಳಿ ಮುಖ್ಯವಾಗಿ ಟಿ4 ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ಯಕೃತ್ತು ಮೊದಲಾದ ಅಂಗಗಳಲ್ಲಿ ಒಂದು ಅಯೋಡಿನ್ ಕಳಚಿಕೊಂಡು ಅದು ಟಿ3 ಆಗುತ್ತದೆ. ಜೀವಕೋಶದ ಒಳಗೆ ನಿಜವಾದ ಕೆಲಸ ಮಾಡುವುದು ಈ ಟಿ3. ಇದೇ ಹಾರ್ಮೋನುಗಳು ರಕ್ತದಲ್ಲಿ ತಿರುಗಿ ಪಿಟ್ಯುಟರಿಯನ್ನೂ ಅದರ ಮೇಲಿರುವ ಮಿದುಳಿನ ಭಾಗವಾದ ಹೈಪೋಥಲಾಮಸ್ಸನ್ನೂ ತಲುಪಿ 'ಸಾಕು' ಎನ್ನುತ್ತವೆ. ಫೀಡ್‌ಬ್ಯಾಕ್ ಎಂದರೆ ಇಷ್ಟೇ. ಆದರೆ ಪಿಟ್ಯುಟರಿಯ ಕಿವಿ ಬಹಳ ಸೂಕ್ಷ್ಮ. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ಟಿ4 ಇನ್ನೂ ಮಿತಿಯೊಳಗೇ ಇರುವಾಗ ಟಿಎಸ್‌ಎಚ್ ಏರಿರುವುದನ್ನು ಆಗಾಗ ಕಾಣುವುದು ಇದರಿಂದಲೇ.

ಟಿ4 ನಿಧಾನದ ಹಾರ್ಮೋನು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಅಡ್ರಿನಲಿನ್‌ಗಾದರೆ ಎರಡು ಮೂರು ನಿಮಿಷ ಸಾಕು. ಕೊರತೆ ತುಂಬಲು ಕೊಡುವ ಟಿ4 ಗುಳಿಗೆಯ ಪ್ರಮಾಣ ಬದಲಿಸಿ ಹತ್ತೇ ದಿನಕ್ಕೆ ಮತ್ತೆ ರಕ್ತ ಕೊಡುವುದು ಹಣ ದಂಡ. ಹೊಸ ಮಟ್ಟ ನೆಲೆಗೊಳ್ಳಲು 6ರಿಂದ 8 ವಾರ ಕಾಯಬೇಕು. ಗ್ರಂಥಿಯನ್ನೇ ತೆಗೆದುಹಾಕಿದವರಿಗೆ ದಿನಕ್ಕೆ ಬೇಕಾಗುವುದು ದೇಹತೂಕದ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ 60 ಕಿಲೋ ತೂಕದವರಿಗೆ 100ರ ಆಸುಪಾಸು. ಒಂದು ಗ್ರಾಮಿನ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲು! ಇಷ್ಟು ಚಿಕ್ಕ ಪ್ರಮಾಣವಾದ್ದರಿಂದ ಕರುಳು ಎಷ್ಟು ಹೀರಿಕೊಳ್ಳುತ್ತದೆ ಎಂಬುದೇ ಚಿಕಿತ್ಸೆಯನ್ನು ಕೆಡಿಸಬಲ್ಲದು. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು, ಇಲ್ಲವಾದರೆ ಅವು ಕರುಳಿನಲ್ಲೇ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ.

ಹಾರ್ಮೋನಿನ ಯಾವ ಅಂಕಿಯನ್ನೂ ಒಂಟಿಯಾಗಿ ಓದಬಾರದು. ಆಜ್ಞೆ ಮತ್ತು ಫಲ ಎರಡನ್ನೂ ಜೊತೆಗಿಟ್ಟು ನೋಡಬೇಕು. ಟಿ4 ಕಡಿಮೆಯಿದ್ದೂ ಟಿಎಸ್‌ಎಚ್ 2 ಇದೆ ಎನ್ನಿ. ಟಿಎಸ್‌ಎಚ್ ಸಾಲಿನಲ್ಲಿ ಯಾವ ಗುರುತೂ ಇರುವುದಿಲ್ಲ, ಆದರೆ ಟಿ4 ಅಷ್ಟು ಇಳಿದಾಗ ಪಿಟ್ಯುಟರಿ ಕೂಗಬೇಕಿತ್ತು. ಅದು ಸುಮ್ಮನಿದೆ ಎಂದರೆ ತೊಂದರೆ ಪಿಟ್ಯುಟರಿಯದ್ದೇ ಇರಬಹುದು. ಟಿಎಸ್‌ಎಚ್ ಒಂದನ್ನೇ ಪರೀಕ್ಷಿಸಿದರೆ ಇದು ಕೈತಪ್ಪುತ್ತದೆ. ಇನ್ನೊಂದು ಮೋಸವೂ ಇದೆ: ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಪ್ರಯೋಗಾಲಯ ವಿಧಾನಗಳನ್ನೇ ತಪ್ಪಿಸಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು.

ಥೈರಾಯ್ಡ್‌ನ ಬೆನ್ನಿಗಂಟಿಕೊಂಡು ಸಾಮಾನ್ಯವಾಗಿ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಗ್ರಂಥಿಗಳಿರುತ್ತವೆ. ಹೆಸರು ಪ್ಯಾರಾಥೈರಾಯ್ಡ್, ಕೆಲಸ ಮಾತ್ರ ಬೇರೆಯೇ: ರಕ್ತದ ಕ್ಯಾಲ್ಸಿಯಮ್ಮನ್ನು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆ ಹಿಡಿದಿಡುವುದು. ಇವುಗಳ ಹಾರ್ಮೋನು ಕ್ಯಾಲ್ಸಿಯಮ್ಮನ್ನು ಏರಿಸುವಂಥದ್ದು, ಹಾಗಾಗಿ ಕ್ಯಾಲ್ಸಿಯಂ 11.5 ಇರುವಾಗ ಅದು ತಳ ಮುಟ್ಟಿರಬೇಕು. ಅದು 'ನಾರ್ಮಲ್' ಎಂದು ಬಂದರೆ ಅದೇ ಅಸಹಜ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಇವುಗಳಿಗೆ ಪೆಟ್ಟಾದರೆ ಒಂದೆರಡು ದಿನದಲ್ಲೇ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಟ್ಟುತ್ತದೆ, ಆಮೇಲೆ ಸ್ನಾಯು ಸೆಳೆತ ಬರುತ್ತದೆ.

ಎಲ್ಲ ಗ್ರಂಥಿಗಳೂ ಪಿಟ್ಯುಟರಿಯ ಅಪ್ಪಣೆಗೆ ಕಾಯುವುದಿಲ್ಲ. ಸಕ್ಕರೆಯ ಲೆಕ್ಕವನ್ನೇ ನೋಡಿ. ದೇಹದಲ್ಲಿ ಐದು ಲೀಟರ್ ರಕ್ತ, ಡೆಸಿಲೀಟರಿಗೆ 90 ಮಿಲಿಗ್ರಾಂ ಗ್ಲೂಕೋಸ್ ಎಂದಿಟ್ಟುಕೊಂಡರೆ ಒಟ್ಟು ನಾಲ್ಕೂವರೆ ಗ್ರಾಂ, ಒಂದು ಟೀ ಚಮಚದಷ್ಟು. ಒಂದು ಹೊತ್ತಿನ ಊಟದಿಂದ ಅದರ ಹತ್ತಾರು ಪಟ್ಟು ಬರಬಹುದು. ಅದನ್ನು ಸಂಭಾಳಿಸುವವು ಮೇದೋಜೀರಕದೊಳಗೆ ಚದುರಿರುವ ಸುಮಾರು ಹತ್ತು ಲಕ್ಷ ಪುಟ್ಟ ಕೋಶಗುಚ್ಛಗಳು. ಅಲ್ಲಿನ ಬೀಟಾ ಕೋಶಗಳು ಸಕ್ಕರೆಯನ್ನು ಅಳೆಯುವ ರೀತಿ ಸೊಗಸಾಗಿದೆ: ಅವು ಸಕ್ಕರೆಯನ್ನು ಉರಿಸಿ ನೋಡುತ್ತವೆ. ಒಳಗೆ ಬಂದ ಗ್ಲೂಕೋಸ್ ಉರಿದಷ್ಟೂ ಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿ ಹೆಚ್ಚುತ್ತದೆ. ಎಟಿಪಿ ಹೆಚ್ಚಿದಾಗ ಪೊರೆಯಲ್ಲಿನ ಪೊಟ್ಯಾಸಿಯಂ ದಾರಿಗಳು ಮುಚ್ಚುತ್ತವೆ. ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ತುಂಬಿಟ್ಟಿದ್ದ ಇನ್ಸುಲಿನ್ ಚೀಲಗಳು ಒಡೆದು ರಕ್ತಕ್ಕೆ ಸುರಿಯುತ್ತವೆ. ಮಧುಮೇಹಕ್ಕೆ ಕೊಡುವ ಗ್ಲಿಮೆಪಿರೈಡ್ ಅದೇ ಪೊಟ್ಯಾಸಿಯಂ ದಾರಿಯನ್ನು ಗ್ಲೂಕೋಸ್ ಇಲ್ಲದಿದ್ದರೂ ಮುಚ್ಚಿಸುತ್ತದೆ; ಗುಳಿಗೆ ನುಂಗಿ ಊಟ ಬಿಟ್ಟವರಿಗೆ ಸಕ್ಕರೆ ಕುಸಿದು ಬೆವರುವುದು ಅದಕ್ಕೇ.

ಇಲ್ಲೂ ಜೋಡಿಯಾಗಿಯೇ ಓದಬೇಕು. ಎರಡನೇ ಬಗೆಯ ಮಧುಮೇಹದಲ್ಲಿ ಸ್ನಾಯು ಮತ್ತು ಯಕೃತ್ತು ಮೊದಲು ಇನ್ಸುಲಿನ್‌ಗೆ ಕಿವುಡಾಗುತ್ತವೆ. ಬೀಟಾ ಕೋಶಗಳು ದುಪ್ಪಟ್ಟು ದುಡಿದು ವರ್ಷಗಟ್ಟಲೆ ಸಕ್ಕರೆಯನ್ನು ಸರಿಯಾಗಿಯೇ ಇಟ್ಟಿರುತ್ತವೆ. ವರದಿಯಲ್ಲಿ ಸಕ್ಕರೆ ಏರಿದ ದಿನ ಕಾಯಿಲೆ ಶುರುವಾಯಿತೆಂದು ತಿಳಿಯುವುದು ತಪ್ಪು. ಅದು ಬೀಟಾ ಕೋಶಗಳು ಕೈಸೋತ ದಿನ.

ರಕ್ತವೇ ಸಂದೇಶ ಒಯ್ಯುತ್ತದೆ ಎಂಬುದು 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಡೆಸಿದ ಪ್ರಯೋಗದಿಂದ ಖಚಿತವಾಯಿತು. ನಾಯಿಯ ಸಣ್ಣ ಕರುಳಿನ ಒಂದು ತುಂಡಿನ ನರಗಳನ್ನೆಲ್ಲ ಕತ್ತರಿಸಿ ಆಮ್ಲ ಹಾಕಿದರೂ ಮೇದೋಜೀರಕ ರಸ ಸುರಿಸಿತು. 'ಹಾರ್ಮೋನ್' ಪದವನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ.

ಹಾರ್ಮೋನುಗಳ ಫೀಡ್‌ಬ್ಯಾಕನ್ನು ನಾವೇ ಹೊರಗಿನಿಂದ ಏಮಾರಿಸುವುದೂ ಉಂಟು. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಹಾರ್ಮೋನು ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಗೆ ಸಮ. ದಿನಕ್ಕೆ 20 ಮಿಲಿಗ್ರಾಂನಂತೆ ಕೆಲವು ವಾರ ನುಂಗಿದರೆ ಪಿಟ್ಯುಟರಿ ಬೇಕಾದಷ್ಟಿದೆ ಎಂದುಕೊಂಡು ಅಡ್ರಿನಲ್‌ಗೆ ತಾಕೀತು ಮಾಡುವ ಎಸಿಟಿಎಚ್ ಹಾರ್ಮೋನನ್ನು ಕಳಿಸುವುದನ್ನೇ ನಿಲ್ಲಿಸುತ್ತದೆ, ಕೇಳುವವರಿಲ್ಲದೆ ಅಡ್ರಿನಲ್ ಸೊರಗುತ್ತದೆ. ಆಗ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ದೇಹದಲ್ಲಿ ಕಾರ್ಟಿಸಾಲ್ ಸಾಲದೆ ವಾಂತಿ, ವಿಪರೀತ ಸುಸ್ತು, ಕುಸಿಯುವ ರಕ್ತದೊತ್ತಡ, ಪ್ರಾಣಕ್ಕೂ ಅಪಾಯ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಎಂದು ವೈದ್ಯರು ಹೇಳುವುದು ಗ್ರಂಥಿ ಎಚ್ಚೆತ್ತುಕೊಳ್ಳಲಿ ಎಂದು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ನಡುವೆ ಜ್ವರ ಬಂದರೆ ಪ್ರಮಾಣ ಹೆಚ್ಚಿಸಬೇಕಾದೀತು, ವೈದ್ಯರಿಗೆ ಕೂಡಲೇ ತಿಳಿಸಬೇಕು. ಎಚ್ಚೆತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆಯನ್ನು ಬೆಳಗ್ಗೆ 8ರ ಸುಮಾರಿಗೇ ಮಾಡಿಸಬೇಕು, ಏಕೆಂದರೆ ಕಾರ್ಟಿಸಾಲ್ ಏರಿರುವುದು ಆಗ. ಸಂಜೆ ಹೊತ್ತಿಗೆ ಆರೋಗ್ಯವಂತರಲ್ಲೂ ಅದು ಇಳಿದಿರುತ್ತದೆ. ಅವತ್ತಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಕೆಲವು ಯಂತ್ರಗಳು ಪ್ರೆಡ್ನಿಸೊಲೋನನ್ನೇ ಕಾರ್ಟಿಸಾಲ್ ಎಂದು ಎಣಿಸಿಬಿಡುತ್ತವೆ.